ಟೆಲಿಫೋನ್ ವೆರ್ನಾ ಮಾಡಿಸಿದ ಮೊದಲ ಮದುವೆ

ಐವತ್ತೆರಡರ ವೆರ್ನಾ ಟಕ್‌ವೆಲ್ ಕೊನೆಗೂ ಮದುವೆಯಾಗುತ್ತಿದ್ದಾಳೆ ಎಂದು ಯೂರಿಂಗ್ ಊರಿನ ನಾವೆಲ್ಲ ನಂಬಿದ್ದೆವು. ಹಿತ್ತಲಿನಲ್ಲಿ ಕೋಳಿಗಳ ಮುಂದೆ ನಿಂತು "ಇವರನ್ನು ಪತಿಯಾಗಿ ಸ್ವೀಕರಿಸುತ್ತೇನೆ" ಎಂದು ಆಕೆ ಬಾಯಿಪಾಠ ಮಾಡುವುದನ್ನು ಬೇಲಿಯಾಚೆಯಿಂದ ಕೇಳಿದವರು ಒಬ್ಬಿಬ್ಬರಲ್ಲ. ವರ ಗೋಧಿ ಗೋದಾಮಿನ ಗುಮಾಸ್ತನೇ ಇರಬೇಕೆಂದು ನಾವು ತೀರ್ಮಾನಿಸಿಯೂ ಆಗಿತ್ತು.

ವಿಷಯ ಬೇರೆಯೇ ಇತ್ತು. ಪಾದ್ರಿಗಳು, ರಿಜಿಸ್ಟ್ರಾರರು ಮಾತ್ರವಲ್ಲ, ಮಾಮೂಲಿ ಜನರೂ ಮದುವೆ ಮಾಡಿಸಲಿ ಎಂದು ಕ್ಯಾನ್‌ಬೆರಾದ ಸರ್ಕಾರ ಹಿಂದಿನ ವರ್ಷವಷ್ಟೇ ಹೊರಟಿತ್ತು. ಇಪ್ಪತ್ತಾರು ವರ್ಷ ಊರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಟ್ರಂಕ್ ಕಾಲ್ ಜೋಡಿಸಿ, ಮೂರು ಮೂರು ನಿಮಿಷದ ಲೆಕ್ಕವಿಟ್ಟ ವೆರ್ನಾ ಅರ್ಜಿ ಗುಜರಾಯಿಸಿ, ೧೯೭೪ರ ಮಾರ್ಚಿನಲ್ಲಿ ನೇಮಕದ ಕಾಗದವನ್ನೂ ಪಡೆದುಬಿಟ್ಟಳು. ಕೋಳಿಗಳ ಮುಂದೆ ನಡೆದದ್ದು, ಮದುವೆಯಲ್ಲಿ ತಾನು ಹೇಳಬೇಕಾದ, ವಧೂವರರಿಂದ ಹೇಳಿಸಬೇಕಾದ ಮಾತುಗಳ ತಾಲೀಮು.

ಆ ಕಾಗದಕ್ಕೆ ಅವಳಿಗಿಂತ ಹೆಚ್ಚು ಕಾದವರು ಕುರಿ ಸಾಕುವ ಕ್ಲೆಮ್ ಮತ್ತು ಅವನು ಮದುವೆಯಾಗಬೇಕೆಂದಿದ್ದ ನೋರೀನ್. ನೋರೀನ್ ಮೊದಲ ಗಂಡನಿಗೆ ವಿಚ್ಛೇದನ ಕೊಟ್ಟವಳೆಂದು ಪಾದ್ರಿ ಚರ್ಚಿನ ಬಾಗಿಲು ತೆರೆದಿರಲಿಲ್ಲ. "ನಾಯಿಗೆ ಲೈಸೆನ್ಸ್ ಮಾಡ್ಸೋ ಥರ ರಿಜಿಸ್ಟ್ರಾರ್ ಆಫೀಸಲ್ಲಿ ನಿಂತು ಮದ್ವೆ ಆಗಲ್ಲ" ಎಂದು ನೋರೀನಳ ಹಟ. ಹನ್ನೊಂದು ವರ್ಷ ಹಾಗೇ ಕಳೆದಿತ್ತು.

ಕ್ಲೆಮ್‌ನ ಉಣ್ಣೆ ಕತ್ತರಿಸುವ ಕೊಟ್ಟಿಗೆ ಗುಡಿಸಿ, ತೊಳೆದು, ಹೂ ಕಟ್ಟಿದರು. ಮನೆಮನೆಯಿಂದ ಕೇಕಿನ ತಟ್ಟೆಗಳು ಬಂದವು. ಜಿಲ್ಲಾ ಕೌನ್ಸಿಲಿನ ಅಧ್ಯಕ್ಷ ಪ್ರೂವೆಟ್ ಕರೆಯದಿದ್ದರೂ ಬಂದು, ಅಧಿಕಾರದ ಗುರುತಿನ ಸರಪಳಿ ಕೊರಳಿಗೆ ಹಾಕಿಕೊಂಡೇ ಮುಂದಿನ ಸಾಲಿನಲ್ಲಿ ಕುಳಿತರು.

ಕಾನೂನು ಹೇಳಿದ ಮಾತೊಂದನ್ನು ವೆರ್ನಾ ಎಲ್ಲರೆದುರು ಹೇಳಲೇಬೇಕಿತ್ತು. ಅದು ತಪ್ಪಿದರೆ ಮದುವೆ ಊರ್ಜಿತವಾಗುವುದಿಲ್ಲ, ನೋರೀನ್ ಮತ್ತೆ ಹಳೇ ಸ್ಥಿತಿಗೇ ಎಂಬ ಭಯ ವೆರ್ನಾಳಿಗೆ. ಬಾಯಿ ತೆರೆದಳು. ಕೋಳಿಗಳಿಗೂ ಬಾಯಿಪಾಠವಾಗಿದ್ದ ಮಾತು ಮಂಗಮಾಯ. ಬದಲಿಗೆ ಇಪ್ಪತ್ತಾರು ವರ್ಷದ ಅಭ್ಯಾಸ ತಾನಾಗಿ ಹೊರಬಿತ್ತು:

"ಮೂರು ನಿಮಿಷ ಆಯ್ತು. ಮುಂದುವರಿಸ್ತೀರಾ?"



"ಮುಂದುವರಿಸು ಮಾರಾಯ್ತಿ" ಎಂದ ಕ್ಲೆಮ್. "ಹನ್ನೊಂದು ವರ್ಷದಿಂದ ಲೈನಲ್ಲೇ ಇದ್ದೀವಿ."

ನಗುವಿಗೆ ತಗಡಿನ ಸೂರು ಅದುರಿತು. ನೋರೀನ್ ನಗುತ್ತಾ ಅಳುತ್ತಿದ್ದಳು. ಆ ಗದ್ದಲದಲ್ಲೇ ಮಾತು ವೆರ್ನಾಳ ನಾಲಿಗೆಗೆ ವಾಪಸ್ಸು ಬಂತು. ಒಂದಕ್ಷರ ಬಿಡದೆ, ಕೊನೆಯ ಸಾಲಿನ ಕಿವುಡಜ್ಜನಿಗೂ ಕೇಳುವಂತೆ ಹೇಳಿ ಮುಗಿಸಿ, ವಧೂವರರ ಮಾತುಗಳನ್ನೂ ಹೇಳಿಸಿದಳು.

ಪ್ರೂವೆಟ್ ಸರಪಳಿ ಸರಿಪಡಿಸಿಕೊಂಡು ಎದ್ದು, ರಿಜಿಸ್ಟರಿಟ್ಟ ಮೇಜಿಗೆ ಅಡ್ಡ ನಿಂತರು. "ಎಲ್ಲಾ ಸರಿ ವೆರ್ನಾ. ಆದ್ರೆ ಈ ಮದ್ವೆಗೆ ದೇವರ ಒಪ್ಪಿಗೆ ಇದ್ಯಾ?"

"ಕೇಳಿಲ್ಲ. ಕ್ಯಾನ್‌ಬೆರಾ ಒಪ್ಪಿದೆ. ದಾರಿ ಬಿಡಿ, ಹುಡುಗಿ ಸಹಿ ಹಾಕ್ಬೇಕು."