ಹಾಲು ಕರೆಯುವ ರೋಬೋಟಿಗೆ ಪೂಜೆ ಮಾಡಿದ್ದು

ಇವತ್ತು ಬೆಳಿಗ್ಗೆ ಪಕ್ಕದ ಮನೆಯವರು ಹೊಸ ಕಾರು ತಂದರು. ಸರ್ಜಾಪುರದ ನಮ್ಮ ಬೀದಿಗೆ ಹೊಸ ಕಾರು ಬಂದರೆ ಕರ್ಪೂರದ ವಾಸನೆ ನಾಲ್ಕು ಮನೆ ದಾಟುತ್ತದೆ. ‘ಅಂಕಲ್, ಹಿರಿಯರು ನೀವು, ಕುಂಬಳಕಾಯಿ ನೀವೇ ಒಡೀಬೇಕು’ ಎಂದು ಆ ಮನೆಯ ಸೊಸೆ ಕರೆದಳು. ಎದ್ದು ಹೊರಟೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಗಂಗೆ ನೆನಪಾದಳು. ಗಂಗೆ ಅಂದರೆ ಹಸು ಕಣ್ರೀ. ನನ್ನ ಹೆಂಡತಿಯೂ ಇದನ್ನು ಓದುತ್ತಾಳೆ, ಮೊದಲೇ ಹೇಳಿಬಿಡುವುದು ಒಳ್ಳೆಯದು.

ನಾನು ಕಬ್ಬಿಣದ ಮನುಷ್ಯ. ಪೀಣ್ಯದ ಕಾರ್ಖಾನೆಯಲ್ಲಿ ಲೇತಿನ ಮುಂದೆ ನಿಂತೂ ನಿಂತೂ ಮಂಡಿ ಸವೆಸಿಕೊಂಡವನು. ಆಮೇಲೆ, ಯಂತ್ರ ಬಲ್ಲವನು ಎಂಬ ಒಂದೇ ಯೋಗ್ಯತೆಯ ಮೇಲೆ, ಇಲ್ಲಿಗೆ ಹತ್ತಿರದ ಒಂದು ಡೇರಿ ಫಾರಮ್ಮಿನಲ್ಲಿ ಸೂಪರ್‌ವೈಸರ್ ಆದೆ. ಅಲ್ಲಿಗೆ ಹಾಲು ಕರೆಯುವ ರೋಬೋಟ್ ಬರುವುದಿತ್ತು. ಹಾಲಿನ ಬಗ್ಗೆ ನನಗಿದ್ದ ಜ್ಞಾನವೆಲ್ಲ ಕಾಫಿ ಲೋಟದಲ್ಲೇ ಮುಗಿಯುತ್ತಿತ್ತು.

ರೋಬೋಟ್ ಅಂದರೆ ಕೈಕಾಲಿರುವ ಗೊಂಬೆಯಲ್ಲ. ಒಂದು ಹಸು ನಿಲ್ಲುವಷ್ಟು ಕಬ್ಬಿಣದ ಕಟಕಟೆ. ಮುಂದೆ ಮೇವು ಬೀಳುತ್ತದೆ; ಪಕ್ಕದಿಂದ ಒಂದು ಕೈ ಬಂದು ಕೆಚ್ಚಲು ತೊಳೆದು ಹಾಲೆಳೆಯುತ್ತದೆ. ಹಸು ತನಗೆ ಬೇಕೆನಿಸಿದಾಗ ತಾನಾಗಿಯೇ ಒಳಗೆ ಹೋಗಬೇಕು, ಯಾರೂ ದೂಡುವಂತಿಲ್ಲ. ಮನುಷ್ಯರಿಗೂ ಇಷ್ಟು ಮರ್ಯಾದೆ ಪೀಣ್ಯದಲ್ಲಿ ನಾನು ಕಂಡಿರಲಿಲ್ಲ.

ಆದರೆ ಪೀಣ್ಯದವನು ಹೊಸ ಯಂತ್ರವನ್ನು ಪೂಜೆಯಿಲ್ಲದೆ ಚಾಲೂ ಮಾಡುವುದುಂಟೇ? ಬಾಳೆಕಂದು ಕಟ್ಟಿಸಿದೆ, ಸರಕ್ಕೆ ಸರ ಮಲ್ಲಿಗೆ ಹಾಕಿಸಿದೆ. ಮೊದಲು ಯಾವ ಹಸು ಎಂದಾಗ ರತ್ನಮ್ಮ, ‘ನಮ್ ಗಂಗೇನ ಬಿಡಿ, ಬಲು ಸಾದು’ ಅಂದಳು. ರತ್ನಮ್ಮ ಆ ಊರಿನವಳೇ, ಕೈಯಲ್ಲಿ ಹಾಲು ಕರೆಯುತ್ತಾ ಬಂದವಳು. ತಾಯಿ ಸತ್ತ ಗಂಗೆಯನ್ನು ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದ್ದಳು. ಗಂಗೆ ಒಳಗೆ ಕಾಲಿಟ್ಟಳು. ಗೇಟು ಧಡಾರನೆ ಮುಚ್ಚಿತು. ಗಂಟೆ, ಮಂಗಳಾರತಿ, ಹೊಗೆ. ಆಗ ನಾನು ಇದ್ದ ಬಲವನ್ನೆಲ್ಲ ಬಿಟ್ಟು ಅವಳ ಕಾಲ ಬುಡದಲ್ಲೇ ಬೂದುಗುಂಬಳಕಾಯಿ ಅಪ್ಪಳಿಸಿದೆ! ಕುಂಕುಮ ಮೆತ್ತಿದ ಕೆಂಪು ಹೋಳುಗಳು ಅವಳ ಹೊಟ್ಟೆಗೆ ಸಿಡಿದವು. ಎಲ್ಲರೂ ಚಪ್ಪಾಳೆ ತಟ್ಟಿದರು. ಗಂಗೆ ಒದ್ದ ಒದೆಗೆ ರೋಬೋಟಿನ ಹಾಲೆಳೆಯುವ ಬಟ್ಟಲು ಗೋಡೆಗೆ ಹೋಗಿ ಬಿತ್ತು.

ಎರಡು ವಾರದಲ್ಲಿ ಉಳಿದ ಹಸುಗಳೆಲ್ಲ ಮೇವಿನ ಆಸೆಗೆ ಸಾಲು ನಿಂತವು. ಗಂಗೆ ಮಾತ್ರ ಬಾಗಿಲಲ್ಲೇ ನಡುಗುವಳು, ಸಗಣಿ ಹಾಕುವಳು. ಎಳೆದು ನಿಲ್ಲಿಸಿದರೆ ಹಾಲಿಳಿಸುತ್ತಿರಲಿಲ್ಲ. ಯಂತ್ರದ ಕಂಪನಿಯ ಎಂಜಿನಿಯರು ಬಂದು, ‘ಕೆಲವು ಹಸುಗಳಿಗೆ ರೋಬೋಟ್ ಆಗ್ಬರಲ್ಲ ಸಾರ್, ಸ್ಟ್ರೆಸ್ಸು’ ಅಂದ. ಫಾರಮ್ಮಿನ ಯಜಮಾನರು ಹೇಳಿದರು, ನಾನು ರಿಜಿಸ್ಟರಿನಲ್ಲಿ ನೀಟಾಗಿ ಬರೆದೆ: ಗಂಗೆ, ಯಂತ್ರಕ್ಕೆ ಒಗ್ಗುವುದಿಲ್ಲ, ಮಾರುವುದು. ಸೋಮವಾರ ಗಾಡಿ ಬರುವುದೆಂದಾಯಿತು.

ಶನಿವಾರ ರತ್ನಮ್ಮ ನನ್ನೆದುರು ನಿಂತಳು. ಕಣ್ಣು ಕೆಂಪಗಿತ್ತು.

‘ಅದು ಮಿಸೀನಿಗೆ ಎದ್ರುತಾ ಇಲ್ಲ ಕಣಪ್ಪ.’

‘ಮತ್ತೆ?’

‘ನಿನ್ನ ಕಂಡ್ರೆ ಎದ್ರುತದೆ. ದಿನಾ ಅಲ್ಲೇ ಗೂಟ ಒಡ್ದಂಗೆ ನಿಂತಿರ್ತೀಯಲ್ಲ, ಅವತ್ತು ಕುಂಬ್ಳಕಾಯಿ ಎತ್ಕೊಂಡು ನಿಂತಿದ್ದ ಜಾಗದಾಗೇ. ಒಸಿ ಮರೆಗೋಗು.’

ಸಿಟ್ಟು ಬಂತು. ಇಷ್ಟು ವರ್ಷ ಯಂತ್ರದ ಮುಂದೆ ನಿಂತವನಿಗೆ ಹೋಗು ಅನ್ನುವುದೇ! ಆದರೂ ಹೋಗಿ ಗೋಡೆಯ ಹಿಂದೆ ನಿಂತು ಕಳ್ಳನ ಹಾಗೆ ಇಣುಕಿದೆ. ರತ್ನಮ್ಮ ಕರೆಯಲಿಲ್ಲ, ಎಳೆಯಲಿಲ್ಲ, ಸುಮ್ಮನೆ ನೆಲಕ್ಕೆ ಕೂತಳು. ಗಂಗೆ ಅತ್ತಿತ್ತ ನೋಡಿದಳು, ಒಂದು ಹೆಜ್ಜೆ ಇಟ್ಟಳು, ನಿಂತಳು. ನನ್ನ ಮಂಡಿ ಪದ ಹೇಳುತ್ತಿತ್ತು. ಅರ್ಧ ಗಂಟೆಯ ಮೇಲೆ ಗಂಗೆ ಒಳಗೆ ಹೋದಳು. ರೋಬೋಟಿನ ಕೈ ಬಂತು, ಅವಳು ಒದೆಯಲಿಲ್ಲ. ಕೊಳವೆಯಲ್ಲಿ ಹಾಲು ಹರಿಯಿತು. ರತ್ನಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ನನಗೆ ನಾಚಿಕೆಯಾಯಿತು, ಬಹಳ ನಾಚಿಕೆಯಾಯಿತು.

ಯಜಮಾನರ ಹತ್ತಿರ ಹೋಗಿ, ‘ತಪ್ಪು ಹಸೂದಲ್ಲ, ನಂದು’ ಅಂದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು, ಗಾಡಿ ಬೇಡವೆಂದರು. ಆ ಕೆಲಸ ಬಿಡುವವರೆಗೂ ಗಂಗೆಯ ಸರದಿ ಬಂದಾಗೆಲ್ಲ ನಾನು ಸಗಣಿ ಗುಂಡಿ ಸುತ್ತಿಕೊಂಡು ಓಡಾಡಿದೆ. ಸೂಪರ್‌ವೈಸರ್ ಅನ್ನುವ ಬಿರುದು ಹಾಗೇ ಇತ್ತು, ಅನ್ನಿ.

ಇವತ್ತು ಕಾರಿನ ಮುಂದೆ ಕುಂಬಳಕಾಯಿ ಕೈಗೆ ಕೊಟ್ಟರು. ಎತ್ತಿ ಹಿಡಿದೆ. ನೋಡುತ್ತೇನೆ, ಕಾರಿನ ಆ ಬದಿಗೆ ಬೀದಿಯ ಹಸುವೊಂದು ನಿಂತು, ಬಂಪರಿಗೆ ಕಟ್ಟಿದ ಬಾಳೆಕಂದನ್ನು ಮೆಲ್ಲುತ್ತಿದೆ.

‘ಒಡೀರಿ ಅಂಕಲ್, ಕರ್ಪೂರ ಆರೋಗುತ್ತೆ!’

‘ಇರಮ್ಮ, ಅದು ತಿಂದು ಹೋಗ್ಲಿ.’

‘ಓಡಿಸ್ಲಾ?’

‘ಬೇಡ ಬೇಡ.’

ಕರ್ಪೂರ ಆರಿತು. ಇನ್ನೊಂದು ಬಿಲ್ಲೆ ಹಚ್ಚಿದರು. ಹಸುವಿಗೇನೂ ಅವಸರವಿರಲಿಲ್ಲ. ನನ್ನ ತೋಳು ಸೋಲುತ್ತಿತ್ತು, ಆದರೂ ಕುಂಬಳಕಾಯಿಯನ್ನು ನಿಧಾನವಾಗಿ ಎದೆಗೆ ಇಳಿಸಿಕೊಂಡು, ಹಸುವಿನ ಕಣ್ಣಿಗೆ ಬೀಳದ ಹಾಗೆ ಕಾರಿನ ಹಿಂದಕ್ಕೆ ಹೋಗಿ ನಿಂತೆ.