ಗೋಡಂಬಿಯಷ್ಟು ಮೂಳೆ

ನನಗೆ ಸುಮ್ಮನೆ ಕೂರಲು ಬರುವುದಿಲ್ಲ. ಊಟಕ್ಕೆ ಕೂತರೂ ಮಂಡಿ ಅಲುಗುತ್ತಲೇ ಇರುತ್ತದೆ ಎಂದು ಹೆಂಡತಿ ಬೈಯುತ್ತಾಳೆ. ಇಂಥವನ ಬಲಗೈಗೆ ಎಂಟು ವಾರ ಪ್ಲಾಸ್ಟರ್ ಹಾಕಿದರೆ ಏನಾಗಬೇಕೋ ಅದೇ ಆಯಿತು.

ಪೀಣ್ಯದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಇಪ್ಪತ್ತೆರಡು ವರ್ಷದಿಂದ ಕಬ್ಬಿಣ ಕಡೆಯುವ ಲೇತ್ ಓಡಿಸುತ್ತಿದ್ದೇನೆ. ಮೊದಲಿನಿಂದಲೂ ಅದೇ ಮೆಷಿನ್. ಒಂದು ಬೆಳಿಗ್ಗೆ ನೆಲದ ಮೇಲೆ ಚೆಲ್ಲಿದ್ದ ಎಣ್ಣೆಗೆ ಕಾಲು ಜಾರಿ ಬಲ ಅಂಗೈ ಊರಿಕೊಂಡು ಬಿದ್ದೆ. ಉಳುಕಿರಬೇಕು ಅಂತ ಬಿಟ್ಟೆ. ಮಾರನೇ ದಿನ ಮನೆಯ ಬೀಗ ತಿರುಗಿಸಲೂ ಆಗದಿದ್ದಾಗ ಹೆಂಡತಿ ರಾಜಗೋಪಾಲನಗರದ ನಮ್ಮ ಮನೆ ಹತ್ತಿರವೇ ಇದ್ದ ಮೂಳೆ ಡಾಕ್ಟರ ಬಳಿಗೆ ಎಳೆದುಕೊಂಡು ಹೋದಳು.

ಡಾಕ್ಟರು ನನಗಿಂತ ಚಿಕ್ಕ ವಯಸ್ಸಿನ ಹೆಂಗಸು. ಎಕ್ಸ್‌ರೇ ನೋಡಿ ಎಂಟು ವಾರ ಎಂದರು. ನನಗೆ ರೇಗಿತು.

"ಮುರಿದ ರಾಡಿಗೆ ವೆಲ್ಡಿಂಗ್ ಮಾಡೋಕೆ ಅರ್ಧ ಗಂಟೆ ಸಾಕು ಮೇಡಂ. ಇದಕ್ಕೆ ಎರಡು ತಿಂಗಳಾ?"

"ಮೂಳೆ ರಾಡ್ ಅಲ್ಲ ಕಣ್ರೀ, ಜೀವ ಇರೋದು," ಎಂದು ಅವರು ಮೂಲೆಯಲ್ಲಿ ನಿಂತಿದ್ದ ಪ್ಲಾಸ್ಟಿಕ್ ಅಸ್ಥಿಪಂಜರದ ಹತ್ತಿರ ಕರೆದರು. ತೊಡೆಯ ಉದ್ದ ಮೂಳೆ ಹೊರಗೆ ಗಟ್ಟಿ, ತುದಿಗಳ ಒಳಗೆ ಸ್ಪಂಜಿನಂತೆ ತೂತು ತೂತು. ಅಲ್ಲಿರುವ ಮಜ್ಜೆಯಲ್ಲಿ ರಕ್ತ ಹುಟ್ಟುತ್ತದಂತೆ. ತಲೆಬುರುಡೆ, ಪಕ್ಕೆಲುಬುಗಳು ಚಪ್ಪಟೆ. ಅವು ಮಿದುಳು, ಹೃದಯವನ್ನು ಕಾಯುತ್ತವೆ. ಬೆನ್ನಿನ ಮೂಳೆಗಳಿಗೆ ಇಂಥದೇ ಆಕಾರ ಅಂತಿಲ್ಲ. ಒಂದರ ಮೇಲೊಂದು ಕೂತು ಭಾರ ಹೊರುತ್ತವೆ, ನಡುವಿನ ನರದ ಹುರಿಯನ್ನೂ ಕಾಪಾಡುತ್ತವೆ. ಮಣಿಕಟ್ಟಿನಲ್ಲಿ ಎಂಟು ಗಿಡ್ಡ ಮೂಳೆಗಳು ಎರಡು ಸಾಲಾಗಿವೆ. ಕೈ ಎತ್ತ ಬೇಕಾದರೂ ಬಾಗುವುದು ಅವುಗಳಿಂದ. ನಾನು ಮುರಿದುಕೊಂಡಿದ್ದು ಹೆಬ್ಬೆರಳ ಬುಡದ್ದು, ಒಂದು ಗೋಡಂಬಿಯಷ್ಟು.

"ಇದಕ್ಕೆ ರಕ್ತ ಬರೋದು ಹೆಚ್ಚಾಗಿ ಒಂದೇ ತುದಿಯಿಂದ. ಇನ್ನೊಂದು ತುದಿಗೆ ಕಷ್ಟ. ಕೈ ಅಲುಗಿಸಿದ್ರೆ ಕೂಡಲ್ಲ," ಎಂದರು.

ನಮ್ಮ ಬೀದಿಯ ಕೊನೇ ಮನೆಗೆ ಕಾವೇರಿ ನೀರು ಬಂದ ಹಾಗೆ ಎಂದುಕೊಂಡೆ. ಅರ್ಥವೇನೋ ಆಯಿತು, ಆದರೆ ಬುದ್ಧಿ ಬರಲಿಲ್ಲ.

ಮನೆಯಲ್ಲಿ ಮುಳ್ಳಿನ ಮೇಲೆ ಕೂತಂತೆ ದಿನ ದೂಡಿದೆ. ಪ್ಲಾಸ್ಟರಿಗಿಂತ ಮೇಲಿನ ತೋಳನ್ನು ದಿನಾ ವರ್ಕ್‌ಶಾಪಿನ ಅಳತೆಗೋಲು ವರ್ನಿಯರ್ ಇಟ್ಟು ಅಳೆಯುತ್ತಿದ್ದೆ. ತೋಳು ಸಣ್ಣಗಾಗುತ್ತಿತ್ತು. ತಡೆಯಲಾಗದೆ ವರ್ಕ್‌ಶಾಪಿಗೆ ಹೋದರೆ ನನ್ನ ಲೇತಿನ ಮುಂದೆ ಬೇರೊಬ್ಬ ನಿಂತಿದ್ದ. "ಅಣ್ಣ, ಆರಾಮಾಗಿ ರೆಸ್ಟ್ ತಗೊಳ್ಳಿ, ನಾನಿದೀನಲ್ಲ," ಎಂದ. ಅವನು ಒಳ್ಳೆಯ ಮಾತೇ ಆಡಿದ್ದ, ಆದರೂ ನಾನು ಅಲ್ಲಿ ನಿಲ್ಲದೆ ವಾಪಸು ಬಂದೆ. ನನಗೆ ಭಯವಾಗಿತ್ತು. ಈ ಕೈ ಮೊದಲಿನಂತಾಗದಿದ್ದರೆ ನನಗೆ ಗೊತ್ತಿರುವ ಇನ್ನೊಂದು ಕೆಲಸ ಯಾವುದು?

ಐದನೇ ವಾರಕ್ಕೆ ಆಯುಧಪೂಜೆ ಬಂತು. ಮೆಷಿನ್‌ಗಳನ್ನೆಲ್ಲ ತೊಳೆದು, ಬಾಳೆಕಂದು ಕಟ್ಟಿ, ಕುಂಬಳಕಾಯಿ ಒಡೆದ ಮೇಲೆ ಅವರವರ ಮೆಷಿನ್ ಅವರವರೇ ಒಂದು ನಿಮಿಷ ಓಡಿಸುವುದು ನಮ್ಮಲ್ಲಿನ ಪದ್ಧತಿ. ಇಪ್ಪತ್ತೆರಡು ವರ್ಷದಲ್ಲಿ ನನ್ನ ಲೇತಿಗೆ ಆ ದಿನ ಬೇರೆ ಕೈ ತಾಗಿರಲಿಲ್ಲ. ಪೂಜೆಯ ದಿನ ಎಡಗೈಯಲ್ಲಿ ಓಡಿಸಲು ಮನಸ್ಸು ಒಪ್ಪಲಿಲ್ಲ. ಶೆಡ್ಡಿನ ಹಿಂದೆ ಕೂತು ಎಡಗೈಯಲ್ಲಿ ಹ್ಯಾಕ್ಸಾ ಬ್ಲೇಡ್ ಹಿಡಿದು ಪ್ಲಾಸ್ಟರ್ ಕುಯ್ದೆ. ಒಳಗಿಂದ ಬಂದ ಕೈ ಬಿಳಿಚಿಕೊಂಡು ನಾರುತ್ತಿತ್ತು, ನೋವು ಮಾತ್ರ ಇರಲಿಲ್ಲ. ನೋಡಿದಿರಾ, ಕೂಡಿದೆ ಎಂದು ಮನಸ್ಸಿನಲ್ಲೇ ಡಾಕ್ಟರಿಗೆ ಹೇಳಿದೆ.

ಲೇತಿನಲ್ಲಿ ಕಬ್ಬಿಣದ ತುಂಡನ್ನು ಹಿಡಿಯುವ ಚಕ್‌ಗೆ ಕೀಲಿ ಹಾಕಿ ಬಲಗೈಯಲ್ಲಿ ಬಿಗಿದೆ. ನೋವು ಮೊಣಕೈವರೆಗೆ ಹತ್ತಿತು. ಹಲ್ಲುಕಚ್ಚಿ ಮೆಷಿನ್ ಓಡಿಸಿ, ಕೊಟ್ಟ ಕಡ್ಲೆಪುರಿ ತಿಂದು, ಕುಯ್ದ ಪ್ಲಾಸ್ಟರಿಗೆ ಟೇಪು ಸುತ್ತಿಕೊಂಡು ಮನೆಗೆ ಬಂದೆ. ಹೆಂಡತಿ ಬಾಗಿಲಲ್ಲೇ ಕಂಡುಹಿಡಿದಳು.

"ಎಡಗೈಲಿ ಬಟನ್ ಒತ್ತಿದ್ರೆ ಮೆಷಿನ್ ಓಡಲ್ಲ ಅಂತಿತ್ತಾ?"

"ಪೂಜೆಗೆ ಎಡಗೈ ಹಾಕ್ತಾರೇನೇ?" ಎಂದೆ.

ಅವಳು ಅತ್ತಳು. ನನಗೆ ಆಗ ನಾಚಿಕೆಯಾಯಿತು.

ಹೊಸ ಎಕ್ಸ್‌ರೇಯಲ್ಲಿ ಬಿರುಕು ಅಗಲವಾಗಿತ್ತು. ಆಪರೇಷನ್ ಮಾಡಿ ಸ್ಕ್ರೂ ಹಾಕಬೇಕು, ಆಮೇಲೂ ರಕ್ತ ಸಿಗದೆ ಆ ತುಂಡು ಸತ್ತರೆ ಈ ಕೈಯಲ್ಲಿ ಲೇತ್ ಕೆಲಸ ಕಷ್ಟ ಎಂದರು ಡಾಕ್ಟರು. ಸ್ಕ್ರೂ ತೋರಿಸಿದರು. ಅದಕ್ಕೆ ತಲೆಯೇ ಇರಲಿಲ್ಲ. ಬೆಳಕಿಗೆ ಹಿಡಿದು ನೋಡಿದೆ: ಎರಡು ತುದಿಯ ಮರೆಗಳು, ಅಂದರೆ ತಿರುಪಿನ ಸುತ್ತುಗೆರೆಗಳು, ಬೇರೆ ಬೇರೆ. ಒಂದು ತುದಿ ಪ್ರತಿ ಸುತ್ತಿನಲ್ಲೂ ಹೆಚ್ಚು ಮುಂದೆ ಹೋಗುತ್ತದೆ, ಇನ್ನೊಂದು ಕಡಿಮೆ. ಹಾಗಾಗಿ ತಿರುಗಿದಂತೆಲ್ಲ ಎರಡು ತುಂಡುಗಳು ಹತ್ತಿರಕ್ಕೆ ಬರುತ್ತವೆ. ಎಂಥಾ ಕೆಲಸ ಎಂದು ಒಂದು ಗಳಿಗೆ ಭಯವನ್ನೂ ಮರೆತೆ.

"ಇದು ಹತ್ತಿರಕ್ಕೆ ಎಳೆಯುತ್ತೆ ಅಷ್ಟೇ," ಎಂದರು ಡಾಕ್ಟರು. "ಕೂಡೋ ಕೆಲಸ ಮೂಳೇದು. ಅದಕ್ಕೆ ನೀವು ಸುಮ್ನೆ ಕೂರಬೇಕು."

ಕೂತೆ. ಜೀವಮಾನದಲ್ಲಿ ನಾನು ಮಾಡಿದ ಅತಿ ಕಷ್ಟದ ಕೆಲಸ ಅದು. ವರ್ನಿಯರನ್ನು ಹೆಂಡತಿ ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಆಪರೇಷನ್ ಆಗಿ ಮೂರು ತಿಂಗಳಾದ ಮೇಲೆ ಡಾಕ್ಟರು ಫಿಲ್ಮನ್ನು ಬೆಳಕಿಗಿಟ್ಟು ಬಹಳ ಹೊತ್ತು ನೋಡಿದರು. ನನ್ನ ಮಂಡಿ ಅಲುಗುತ್ತಿತ್ತು, ಹೆಂಡತಿ ಅದರ ಮೇಲೆ ಕೈ ಇಟ್ಟಳು. "ಕೂಡಿದೆ," ಎಂದರು.

ಮಣಿಕಟ್ಟು ಈಗ ಹಿಂದಕ್ಕೆ ಪೂರ್ತಿ ಬಾಗುವುದಿಲ್ಲ. ಕೆಲಸಕ್ಕೆ ಅಡ್ಡಿಯಿಲ್ಲ, ಲೇತ್ ಮತ್ತೆ ನನ್ನದೇ. ಮುಂದಿನ ಆಯುಧಪೂಜೆಗೆ ಹೆಂಡತಿಯೂ ವರ್ಕ್‌ಶಾಪಿಗೆ ಬಂದಿದ್ದಳು. ಬಲಗೈಯಲ್ಲಿ ಮೆಷಿನ್ನಿಗೆ ಕುಂಕುಮ ಇಟ್ಟೆ. ಆಮೇಲೆ ಅವಳ ಮುಖ ನೋಡಿ, ಎಡಗೈಯ ಒಂದು ಬೆರಳಿನಿಂದ ಹಸಿರು ಬಟನ್ ಒತ್ತಿದೆ. ಮೆಷಿನ್ ಎಂದಿನಂತೆಯೇ ಓಡಿತು.