ರಾಯರು ತೋರಿಸುವ ಊರು

ನಿವೃತ್ತ ಶೇಷಗಿರಿರಾಯರಿಗೆ ಸಂಜೆಯ ಉದ್ಯೋಗ ಒಂದೇ: ಕೊಪ್ಪಳದ ಓಣಿಗಳಲ್ಲಿ ಕೊಡೆ ಚಾಚಿ, ಕೆಡವಿದ ಟಾಕೀಜನ್ನೂ ಕಡಿದ ಬೇವಿನಮರವನ್ನೂ ಮಾತಿನಲ್ಲೇ ಮತ್ತೆ ಎಬ್ಬಿಸಿ ನಿಲ್ಲಿಸುವುದು. ಕೇಳುವವರು ಸಿಗದಿದ್ದರೆ ಅಡ್ಡ ಬಂದ ಎಮ್ಮೆಗೂ "ನಾವು ಕಲಿತ ಸಾಲಿ ಇದ ನೋಡ್ರಿ" ಎಂದು ತೋರಿಸಿಯಾರು. ಮೊನ್ನೆ ಸಿಕ್ಕವರು ಸಹಪಾಠಿ ಯಮನೂರಪ್ಪ ಮಾಸ್ತರರು. ಚಹಾದ ಹಳೆಯ ಹೋಟೆಲಿನಲ್ಲಿ ಅವರನ್ನು ಕೂಡಿಸಿ ರಾಯರು, "ಇಡೀ ಕ್ಲಾಸು ಇಲ್ಲೇ ಚಾ ಕುಡೀತಿತ್ತಲ್ಲೋ, ಯಾವ ಭೇದಾನೂ ಇರಲಿಲ್ಲ" ಎಂದು ಕಣ್ಣರಳಿಸಿದರು. ಮಾಸ್ತರರು ಕುಡಿದು ಮುಗಿಸಿ, ಲೋಟ ತೊಳೆಯಲು ನಲ್ಲಿಯತ್ತ ಎದ್ದರು. "ನೀ ಯಾಕೋ? ಅವರು ತೊಳೀತಾರ." "ರೂಢಿ ಬಿಟ್ಟಿಲ್ರಿ, ರಾಯರ. ಆಗ ನಮ್ಮ ಕೇರಿಯವರ ಲೋಟಾ ಹೊರಗ, ಆ ಕಿಟಕ್ಯಾಗ ಇರ್ತಿತ್ತು. ಕುಡದು ನಾವೇ ತೊಳದು ಇಡ್ತಿದ್ವಿ." ರಾಯರು ತಿರುಗಿ ಕಿಟಕಿಯತ್ತ ನೋಡಿ ತಲೆ ತಗ್ಗಿಸಿದರು. ಊರಿನ ಕಲ್ಲುಕಲ್ಲನ್ನೂ ಬಲ್ಲ ಅವರ ನೆನಪಿನಲ್ಲಿ ಆ ಕಿಟಕಿಯೇ ಇರಲಿಲ್ಲ.